ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದರೂ ಇಂಟರ್‌ನೆಟ್ ಏಕೆ ನಿಧಾನ? ಮೊಬೈಲ್ ಜಾಲ ಮತ್ತು ವೈ-ಫೈ ಅರಿಯಲು ಹಂತ ಹಂತದ ಮಾರ್ಗದರ್ಶಿ

“ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ತುಂಬಿವೆ, ಆದರೂ ವಿಡಿಯೊ ನಿಂತು ನಿಂತು ಬರುತ್ತದೆ, ಏಕೆ?” ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ವೈ-ಫೈ ಚಿಹ್ನೆ ಪೂರ್ತಿ ಇದ್ದರೂ ಒಂದು ಪುಟವೂ ತೆರೆಯುವುದಿಲ್ಲ ಎಂದು ಕೆಲವರು ಹೇಳಿದರೆ, ಹೊಸ ಫೋನು, ಹೊಸ ಸಿಮ್, ಹೊಸ ರೂಟರ್ ಎಂದು ಒಂದರ ಮೇಲೊಂದು ಕೊಂಡ ಬಳಿಕವೂ ತೊಂದರೆ ಇದ್ದಲ್ಲಿಯೇ ಇದೆ ಎಂದು ಇನ್ನು ಕೆಲವರು ಬೇಸರಪಡುತ್ತಾರೆ. ಆದ್ದರಿಂದ ನಿಸ್ತಂತು ಜಾಲ ಕೆಲಸ ಮಾಡುವ ಬಗೆಯನ್ನು ವಿವರಿಸುತ್ತಲೇ, ತೊಂದರೆ ಎಲ್ಲಿದೆ ಎಂಬುದನ್ನು ನೀವೇ ಪತ್ತೆ ಹಚ್ಚುವ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ.

ಆರಂಭದಲ್ಲಿಯೇ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಿಗ್ನಲ್‌ನ ಬಲ, ಸಿಗ್ನಲ್‌ನ ಸ್ವಚ್ಛತೆ, ಜಾಲದಲ್ಲಿರುವ ದಟ್ಟಣೆ, ಟವರ್ ಅಥವಾ ರೂಟರ್‌ನಿಂದ ಆಚೆಗಿನ ತಂತಿಯ ದಾರಿ, ಇವು ನಾಲ್ಕೂ ಬೇರೆ ಬೇರೆ. ಕಡ್ಡಿಗಳು ತೋರಿಸುವುದು ಬಹುಮಟ್ಟಿಗೆ ಮೊದಲನೆಯದನ್ನು ಮಾತ್ರ, ಅದನ್ನೂ ಅಂದಾಜಿನಲ್ಲಿ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲ ಫೋನುಗಳಿಗೂ ಅನ್ವಯಿಸುವ ಒಂದು ನಿಯಮವಿಲ್ಲದ ಕಾರಣ, ಒಂದೇ ಜಾಗದಲ್ಲಿ ಒಂದು ಫೋನು ನಾಲ್ಕು ಕಡ್ಡಿ, ಇನ್ನೊಂದು ಎರಡು ಕಡ್ಡಿ ತೋರಿಸುವುದು ಸಹಜ.

ಈ ಪರೀಕ್ಷೆಗಳಿಗೆ ಬೇಕಾಗುವುದು ನಿಮ್ಮ ಫೋನು, ವೇಗ ಅಳೆಯುವ ಒಂದು ಆ್ಯಪ್, ಸುತ್ತಲಿನ ವೈ-ಫೈ ಜಾಲಗಳನ್ನು ತೋರಿಸುವ ಒಂದು ಆ್ಯಪ್, ಬರೆದುಕೊಳ್ಳಲು ಒಂದು ಹಾಳೆ. ರೂಟರ್ ಇರುವವರಿಗೆ ಒಂದು ಕಂಪ್ಯೂಟರ್ ಮತ್ತು ಲ್ಯಾನ್ ಕೇಬಲ್ ಕೂಡ ಬೇಕು. ಹಾಳೆಯನ್ನು ದಯವಿಟ್ಟು ಕಡೆಗಣಿಸಬೇಡಿ. ಅಳತೆಗಳನ್ನು ನೆನಪಿನಲ್ಲಿಟ್ಟುಕೊಂಡು ಹೋಲಿಸಲು ಹೊರಟವರು ಸಾಮಾನ್ಯವಾಗಿ ಮೊದಲೇ ತಾವು ನಂಬಿದ್ದ ತೀರ್ಮಾನಕ್ಕೇ ಬಂದು ನಿಲ್ಲುತ್ತಾರೆ.

ಹಂತ 1: ಮಾಹಿತಿ ಯಾವ ದಾರಿಯಲ್ಲಿ ಸಾಗುತ್ತಿದೆ ಎಂದು ತಿಳಿಯಿರಿ

ಮೊಬೈಲ್ ಕರೆ ಇಡೀ ದಾರಿಯನ್ನು ಗಾಳಿಯಲ್ಲಿಯೇ ಕ್ರಮಿಸುತ್ತದೆ ಎಂಬ ಭಾವನೆ ಹಲವರಲ್ಲಿದೆ. ಅದು ಹಾಗಲ್ಲ. ಸಾಮಾನ್ಯವಾಗಿ ನಿಮ್ಮ ಫೋನಿನಿಂದ ಹತ್ತಿರದ ಟವರ್‌ವರೆಗಿನ ದೂರ ಮಾತ್ರ ರೇಡಿಯೊ ಅಲೆಗಳದ್ದು. ಟವರ್‌ನಲ್ಲಿರುವ ಬೇಸ್ ಸ್ಟೇಷನ್ ಎಂಬ ಉಪಕರಣವು ಆ ಅಲೆಗಳನ್ನು ಹಿಡಿದು, ಸಾಮಾನ್ಯವಾಗಿ ಆಪ್ಟಿಕಲ್ ಫೈಬರ್ ಮೂಲಕ, ಕಂಪನಿಯ ಕೇಂದ್ರ ಜಾಲಕ್ಕೆ ರವಾನಿಸುತ್ತದೆ. ಇಂಟರ್‌ನೆಟ್ ಅಲ್ಲಿಂದ ಮುಂದಿನದು. ಕೆಲವು ಟವರ್‌ಗಳಿಗೆ ಮಾತ್ರ ಫೈಬರ್ ಬದಲು ಮೈಕ್ರೋವೇವ್ ಎಂಬ ರೇಡಿಯೊ ಕೊಂಡಿ ಇರುತ್ತದೆ. ಈ ಹಿಂಬದಿಯ ದಾರಿ ಕಿರಿದಾಗಿದ್ದರೆ, ಟವರ್‌ನ ಬುಡದಲ್ಲಿಯೇ ನಿಂತವರಿಗೂ ವೇಗ ಸಿಗುವುದಿಲ್ಲ.

ಒಂದು ಟವರ್ ವ್ಯಾಪಿಸುವ ಪ್ರದೇಶಕ್ಕೆ, ಅಥವಾ ಅದರ ಒಂದು ದಿಕ್ಕಿನ ಭಾಗಕ್ಕೆ, ಸೆಲ್ ಎಂದು ಹೆಸರು. ‘ಸೆಲ್ ಫೋನ್’ ಎಂಬ ಹೆಸರು ಹುಟ್ಟಿದ್ದು ಇದರಿಂದಲೇ. ಇಡೀ ನಗರಕ್ಕೆ ಎತ್ತರದ ಒಂದೇ ಪ್ರಸಾರ ಕೇಂದ್ರ ಇಟ್ಟರೆ, ಇರುವ ಕೆಲವೇ ರೇಡಿಯೊ ಚಾನೆಲ್‌ಗಳಲ್ಲಿ ಕೆಲವೇ ಮಂದಿ ಮಾತನಾಡಬಹುದು. ಅದೇ ನಗರವನ್ನು ಸಣ್ಣ ಸಣ್ಣ ಸೆಲ್‌ಗಳಾಗಿ ವಿಂಗಡಿಸಿದರೆ, ದೂರದ ಸೆಲ್‌ಗಳಲ್ಲಿ ಅವೇ ಚಾನೆಲ್‌ಗಳನ್ನು ಮತ್ತೆ ಬಳಸಬಹುದು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಡಿ. ಎಚ್. ರಿಂಗ್ ಈ ಯೋಜನೆಯನ್ನು 1947ರಲ್ಲಿಯೇ ಬರೆದಿಟ್ಟಿದ್ದರು. ಇಂದಿನ 5ಜಿ ಕೂಡ ನಿಂತಿರುವುದು ಈ ತಳಹದಿಯ ಮೇಲೆಯೇ. ನೀವು ಚಲಿಸುತ್ತಿರುವಾಗ ಕರೆಯನ್ನು ಒಂದು ಸೆಲ್‌ನಿಂದ ಇನ್ನೊಂದಕ್ಕೆ ಕಡಿಯದಂತೆ ಒಪ್ಪಿಸುವ ಕ್ರಿಯೆಯನ್ನು ಹ್ಯಾಂಡೋವರ್ ಎನ್ನುತ್ತಾರೆ.

ವೈ-ಫೈ ಎಂದರೆ ಇಂಟರ್‌ನೆಟ್ ಅಲ್ಲ. ಅದು ನಿಮ್ಮ ಫೋನಿಗೂ ರೂಟರ್‌ಗೂ ನಡುವಿನ ಕೆಲವು ಮೀಟರ್‌ಗಳ ರೇಡಿಯೊ ಕೊಂಡಿ ಮಾತ್ರ. ರೂಟರ್‌ಗೆ ಬರುವ ತಂತಿ ಕಡಿದಿದ್ದರೂ ವೈ-ಫೈ ಚಿಹ್ನೆ ಪೂರ್ತಿಯಾಗಿಯೇ ಕಾಣುತ್ತದೆ.

ಈಗ ಪರೀಕ್ಷೆ. ವೈ-ಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಮಾತ್ರ ವೇಗ ಅಳೆಯಿರಿ. ಬಳಿಕ ಮೊಬೈಲ್ ಡೇಟಾ ಆಫ್ ಮಾಡಿ ವೈ-ಫೈಯಲ್ಲಿ ಮಾತ್ರ ಅಳೆಯಿರಿ. ಎರಡನ್ನೂ ಹಾಳೆಯಲ್ಲಿ ಬರೆಯಿರಿ.

ಎಚ್ಚರಿಕೆ: ವೈ-ಫೈ ದುರ್ಬಲವಾದಾಗ ಹಲವು ಫೋನುಗಳು ನಿಮಗೆ ತಿಳಿಸದೆಯೇ ಮೊಬೈಲ್ ಡೇಟಾಗೆ ಜಾರುತ್ತವೆ. ಎರಡನ್ನೂ ಹೊತ್ತಿಸಿಟ್ಟು ಅಳೆದರೆ ನೀವು ಅಳೆದದ್ದು ಯಾವುದನ್ನು ಎಂಬುದೇ ಗೊತ್ತಾಗುವುದಿಲ್ಲ. ತೊಂದರೆ ಇರುವುದು ವೈ-ಫೈಯಲ್ಲಿ ಮಾತ್ರ ಎಂದು ಖಚಿತವಾದರೆ ನೇರವಾಗಿ 6ನೇ ಹಂತಕ್ಕೆ ಹೋಗಬಹುದು.

ಹಂತ 2: ಕಡ್ಡಿಗಳನ್ನು ಬಿಟ್ಟು ಡಿಬಿಎಂ ಓದಿ

ಸಿಗ್ನಲ್ ಬಲವನ್ನು ಅಳೆಯುವ ಮಾನ ಡಿಬಿಎಂ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ವಿಭಾಗದೊಳಗೆ ‘ಸಿಮ್ ಸ್ಟೇಟಸ್’ ಎಂಬಲ್ಲಿ ಇದು ಸಿಗುತ್ತದೆ. ಕೆಲವು ತಯಾರಕರು ಜಾಗವನ್ನು ಸ್ವಲ್ಪ ಬದಲಿಸಿರುತ್ತಾರೆ. ಐಫೋನಿನಲ್ಲಿ *3001#12345#* ಎಂದು ಒತ್ತಿ ಕರೆ ಗುಂಡಿಯನ್ನು ಅದುಮಿದರೆ ಪರೀಕ್ಷಾ ಪರದೆ ತೆರೆಯುತ್ತದೆ.

ಡಿಬಿಎಂ ಅಂಕಿಗಳು ಋಣ ಸಂಖ್ಯೆಗಳಾಗಿರುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ. 0 ಡಿಬಿಎಂ ಎಂದರೆ 1 ಮಿಲಿವ್ಯಾಟ್. ಅಲ್ಲಿಂದ ಪ್ರತಿ 10 ಅಂಕಿ ಇಳಿದಂತೆ ಶಕ್ತಿ ಹತ್ತರಲ್ಲಿ ಒಂದು ಭಾಗವಾಗುತ್ತದೆ. 3 ಅಂಕಿ ಇಳಿದರೆ ಸುಮಾರು ಅರ್ಧವಾಗುತ್ತದೆ. ಹೀಗಾಗಿ −100 ಎನ್ನುವುದು −90ಕ್ಕಿಂತ ‘ಸ್ವಲ್ಪ’ ಕಡಿಮೆಯಲ್ಲ, ಅದರ ಹತ್ತನೆಯ ಒಂದು ಭಾಗ. −90 ಡಿಬಿಎಂ ಎಂಬುದೇ ಒಂದು ಮಿಲಿವ್ಯಾಟ್‌ನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟು ಅಲ್ಪ ಶಕ್ತಿಯಲ್ಲಿ ಬರುವ ಅಲೆಯಿಂದ ಫೋನು ಮಾತನ್ನೂ ಚಿತ್ರವನ್ನೂ ಹೆಕ್ಕಿ ತೆಗೆಯುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

4ಜಿ ಮತ್ತು 5ಜಿಯಲ್ಲಿ ಈ ಅಳತೆಗೆ ಆರ್‌ಎಸ್‌ಆರ್‌ಪಿ ಎಂದು ಹೆಸರು. ಟವರ್ ಕಳಿಸುವ ಗುರುತಿನ ಸಂಕೇತವು ನಿಮ್ಮನ್ನು ಎಷ್ಟು ಬಲವಾಗಿ ತಲುಪುತ್ತಿದೆ ಎಂಬುದು ಅದರ ಅರ್ಥ. ಅಂಕಿ −80ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ ಅತ್ಯುತ್ತಮ. −90ರಿಂದ −100ರವರೆಗೆ ನಿತ್ಯದ ಬಳಕೆಗೆ ಸಾಕು. −110 ದಾಟಿ ಕೆಳಗಿಳಿದರೆ ಕರೆ ಕಡಿಯುವ ಸಾಧ್ಯತೆ ಹೆಚ್ಚು. −120ರ ಹತ್ತಿರ ನೀವು ಸೆಲ್‌ನ ಅಂಚಿನಲ್ಲಿದ್ದೀರಿ. ಇವು ಕಟ್ಟುನಿಟ್ಟಿನ ಗೆರೆಗಳಲ್ಲ, ಅಂದಾಜಿಗೆ ನೆರವಾಗುವ ಗುರುತುಗಳು.

ಮನೆಯ ಪ್ರತಿ ಕೋಣೆಯಲ್ಲಿ, ಕಿಟಕಿಯ ಬಳಿ, ಬಾಗಿಲ ಹೊರಗೆ ನಿಂತು ಅಂಕಿಯನ್ನು ಬರೆದುಕೊಳ್ಳಿ. ಒಂದೊಂದು ಜಾಗದಲ್ಲಿ ಕನಿಷ್ಠ ಅರ್ಧ ನಿಮಿಷ ಕಾಯಬೇಕು, ಏಕೆಂದರೆ ಪರದೆಯ ಮೇಲಿನ ಅಂಕಿ ತಡವಾಗಿ ಬದಲಾಗುತ್ತದೆ.

ಈ ಹಂತದಲ್ಲಿ ಎರಡು ತಪ್ಪುಗಳನ್ನು ಹೆಚ್ಚಾಗಿ ಕಂಡಿದ್ದೇನೆ. ಮೊದಲನೆಯದು, 4ಜಿಯ ಅಂಕಿಯನ್ನು 2ಜಿ, 3ಜಿ ಅಥವಾ ವೈ-ಫೈ ಅಂಕಿಯೊಡನೆ ಹೋಲಿಸುವುದು. ಆರ್‌ಎಸ್‌ಆರ್‌ಪಿ ಎಂಬುದು ಇಡೀ ಚಾನೆಲ್‌ನ ಶಕ್ತಿಯಲ್ಲ, ಅದರೊಳಗಿನ ಒಂದು ಸಣ್ಣ ಎಳೆಯ ಶಕ್ತಿ. 4ಜಿಯಲ್ಲಿ ಆ ಎಳೆಯ ಅಗಲ 15 ಕಿಲೋಹರ್ಟ್ಸ್. ಹಾಗಾಗಿ ಅದು ಸಾಮಾನ್ಯವಾಗಿ ಉಳಿದವುಗಳಿಗಿಂತ ಕಡಿಮೆಯಾಗಿಯೇ ಕಾಣುತ್ತದೆ. ಎರಡನೆಯದು, ಬರುವ ಸಿಗ್ನಲ್ಲನ್ನು ಮಾತ್ರ ನೋಡಿ ಹೋಗುವ ಸಿಗ್ನಲ್ಲನ್ನು ಮರೆಯುವುದು. ದೊಡ್ಡ ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ; 4ಜಿ ಫೋನು ಸಾಮಾನ್ಯವಾಗಿ ಗರಿಷ್ಠ 0.2 ವ್ಯಾಟ್‌ನಲ್ಲಿ ಉತ್ತರಿಸುತ್ತದೆ. ಆಚೆಯವರ ಮಾತು ನಿಮಗೆ ಸ್ಪಷ್ಟವಾಗಿ ಕೇಳುತ್ತಿದ್ದು, ನಿಮ್ಮ ಮಾತು ಅವರಿಗೆ ತುಂಡು ತುಂಡಾಗಿ ಕೇಳುತ್ತಿದ್ದರೆ ಈ ಅಸಮತೋಲನವೇ ಕಾರಣವಾಗಿರಬಹುದು.

ಹಂತ 3: ಸಿಗ್ನಲ್ ಎಷ್ಟು ಸ್ವಚ್ಛವಾಗಿದೆ ಎಂದು ನೋಡಿ

ಗದ್ದಲದ ಸಭೆಯಲ್ಲಿ ಪಕ್ಕದವರು ಜೋರಾಗಿ ಮಾತನಾಡಿದರೂ ಅರ್ಥವಾಗದಿರಬಹುದು. ನಿಶ್ಶಬ್ದವಾದ ಕೋಣೆಯಲ್ಲಿ ಪಿಸುಮಾತೂ ಕೇಳುತ್ತದೆ. ರೇಡಿಯೊದಲ್ಲಿಯೂ ಹಾಗೆಯೇ. ನಿಮಗೆ ಬೇಕಾದ ಸಿಗ್ನಲ್, ಬೇಡವಾದ ಸಿಗ್ನಲ್ ಮತ್ತು ಗದ್ದಲಗಳಿಗಿಂತ ಎಷ್ಟು ಪಟ್ಟು ಎದ್ದು ಕಾಣುತ್ತದೆ ಎಂಬ ಅಳತೆಯೇ ಎಸ್‌ಐಎನ್‌ಆರ್. ಇದನ್ನು ಡೆಸಿಬೆಲ್‌ನಲ್ಲಿ ಹೇಳುತ್ತಾರೆ. 20ಕ್ಕಿಂತ ಹೆಚ್ಚಿದ್ದರೆ ಅತ್ಯುತ್ತಮ, 10ರ ಸುತ್ತ ಇದ್ದರೆ ಪರವಾಗಿಲ್ಲ, 0ಗಿಂತ ಕೆಳಗಿದ್ದರೆ ಗದ್ದಲವೇ ಮೇಲುಗೈ ಪಡೆದಿದೆ ಎಂದರ್ಥ. ಫೋನಿನ ಸಾಮಾನ್ಯ ಸೆಟ್ಟಿಂಗ್ಸ್‌ನಲ್ಲಿ ಇದು ಕಾಣಿಸದಿದ್ದರೆ, ಜಾಲದ ವಿವರ ತೋರಿಸುವ ಆ್ಯಪ್ ಬಳಸಬೇಕಾಗುತ್ತದೆ.

ವೇಗವನ್ನು ನಿರ್ಧರಿಸುವುದರಲ್ಲಿ ಈ ಅಂಕಿಯ ಪಾತ್ರ ಬಲು ದೊಡ್ಡದು. ಸಿಗ್ನಲ್ ಸ್ವಚ್ಛವಾಗಿದ್ದಾಗ ಟವರ್ ಒಂದೊಂದು ಸಂಕೇತದಲ್ಲಿ 6 ಅಥವಾ 8 ಬಿಟ್‌ಗಳನ್ನು (0 ಅಥವಾ 1 ಎಂಬ ಮಾಹಿತಿಯ ಚೂರುಗಳನ್ನು) ತುಂಬಿ ಕಳಿಸುತ್ತದೆ. ಗದ್ದಲ ಹೆಚ್ಚಿದಂತೆ ಅದನ್ನು 4ಕ್ಕೆ, ಕೊನೆಗೆ 2ಕ್ಕೆ ಇಳಿಸಿ, ತಪ್ಪು ತಿದ್ದಲು ಹೆಚ್ಚುವರಿ ಬಿಟ್‌ಗಳನ್ನೂ ಸೇರಿಸುತ್ತದೆ. ಕಡ್ಡಿಗಳು ಬದಲಾಗದೆಯೇ ವೇಗ ಕುಸಿಯುವುದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು.

ಎತ್ತರದ ಮಹಡಿಗಳಲ್ಲಿ ವಾಸಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮೇಲಿನಿಂದ ಹಲವು ಟವರ್‌ಗಳು ಒಟ್ಟಿಗೆ ‘ಕಾಣುವುದರಿಂದ’ ಎಲ್ಲವೂ ಬಲವಾಗಿ ಬಂದು ಒಂದಕ್ಕೊಂದು ಅಡ್ಡಿಯಾಗುತ್ತವೆ. ಇಂಥಲ್ಲಿ ಕಿಟಕಿಯಿಂದ ಒಳಗೆ ಸರಿದು, ಒಂದೇ ಟವರ್ ಎದುರಾಗುವ ಬದಿಯಲ್ಲಿ ಕುಳಿತರೆ, ಬಲ ಕಡಿಮೆಯಾದರೂ ವೇಗ ಹೆಚ್ಚಬಹುದು. ಬಲ ಹೆಚ್ಚಿರುವ ಜಾಗವೇ ಒಳ್ಳೆಯ ಜಾಗ ಎಂದು ಕಣ್ಣು ಮುಚ್ಚಿ ತೀರ್ಮಾನಿಸಬೇಡಿ. 2ನೇ ಹಂತದ ಅಂಕಿಯ ಪಕ್ಕದಲ್ಲಿ ಈ ಅಂಕಿಯನ್ನೂ ಬರೆದು, ಎರಡೂ ಒಳ್ಳೆಯದಿರುವ ಜಾಗವನ್ನು ಆರಿಸಿ.

ಹಂತ 4: ಬ್ಯಾಂಡ್ ಮತ್ತು ತಲೆಮಾರು ಗುರುತಿಸಿ

ರೇಡಿಯೊ ಅಲೆ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದು ಅದರ ಆವೃತ್ತಿ ಅಥವಾ ಫ್ರೀಕ್ವೆನ್ಸಿ. ಒಂದು ಸೇವೆಗೆ ಮೀಸಲಾದ ಆವೃತ್ತಿಗಳ ಪಟ್ಟಿಯೇ ಬ್ಯಾಂಡ್. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್, 26 ಗಿಗಾಹರ್ಟ್ಸ್ ಅಲೆಯದು ಒಂದು ಸೆಂಟಿಮೀಟರ್‌ಗಿಂತ ತುಸು ಹೆಚ್ಚು. 1 ಗಿಗಾಹರ್ಟ್ಸ್‌ಗಿಂತ ಕೆಳಗಿನ ಬ್ಯಾಂಡ್‌ಗಳು ದೂರ ಸಾಗುತ್ತವೆ, ಗೋಡೆಗಳನ್ನೂ ಚೆನ್ನಾಗಿ ದಾಟುತ್ತವೆ. ಆದರೆ ಅಲ್ಲಿ ಜಾಗ ಕಿರಿದು, ಹಾಗಾಗಿ ವೇಗಕ್ಕೆ ಮಿತಿ ಇದೆ. ಮೇಲಿನ ಬ್ಯಾಂಡ್‌ಗಳಲ್ಲಿ ಜಾಗ ವಿಶಾಲವಾಗಿದ್ದು ವೇಗ ಹೆಚ್ಚು ಸಿಗುತ್ತದೆ, ವ್ಯಾಪ್ತಿ ಕುಗ್ಗುತ್ತದೆ. 26 ಗಿಗಾಹರ್ಟ್ಸ್‌ನಂಥ ಅಲೆಗೆ ಅಡ್ಡ ಬಂದ ಒಬ್ಬ ಮನುಷ್ಯನೂ ತಡೆಯಾಗುತ್ತಾನೆ. ಮನೆಯ ಹೊರಗೆ ಒಳ್ಳೆಯ ವೇಗ, ಒಳಗೆ ಬಂದೊಡನೆ ನಿಧಾನ ಎನ್ನುವವರ ಫೋನು ಬಹುಶಃ ಹೊರಗೆ ಮೇಲಿನ ಬ್ಯಾಂಡ್‌ನಲ್ಲಿದ್ದು ಒಳಗೆ ಕೆಳಗಿನದಕ್ಕೆ ಇಳಿಯುತ್ತಿರುತ್ತದೆ.

ತಲೆಮಾರುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲ ತಲೆಮಾರು ಮಾತನ್ನು ಅನಲಾಗ್ ರೂಪದಲ್ಲಿ ಸಾಗಿಸಿತು. 1991ರಲ್ಲಿ ಫಿನ್ಲೆಂಡಿನಲ್ಲಿ ಆರಂಭವಾದ ಜಿಎಸ್‌ಎಂ ಜಾಲದೊಂದಿಗೆ 2ಜಿ ಬಂದು ಮಾತು ಡಿಜಿಟಲ್ ಆಯಿತು. 3ಜಿ ಇಂಟರ್‌ನೆಟ್ಟನ್ನು ಕೈಗೆ ತಂದಿತು. 2009ರ ಕೊನೆಯಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೊ ನಗರಗಳಲ್ಲಿ ಆರಂಭವಾದ ಎಲ್‌ಟಿಇ, ಅಂದರೆ 4ಜಿ, ಪೂರ್ತಿ ಡೇಟಾ ಜಾಲ. 4ಜಿಯಲ್ಲಿ ಮಾತನ್ನೂ ಡೇಟಾ ರೂಪದಲ್ಲಿಯೇ ಕಳಿಸುವ ವ್ಯವಸ್ಥೆ ವೋಲ್ಟಿ. ನಿಮ್ಮ ಫೋನಿನಲ್ಲಿ ವೋಲ್ಟಿ ಆಫ್ ಆಗಿದ್ದರೆ, ಕರೆ ಬಂದಾಗ ಫೋನು 2ಜಿ ಅಥವಾ 3ಜಿಗೆ ಇಳಿಯುತ್ತದೆ. ಆ ಹಳೆಯ ಜಾಲಗಳನ್ನು ಮುಚ್ಚಿರುವ ಕಡೆ ಕರೆಯೇ ಹೋಗುವುದಿಲ್ಲ. ಆದ್ದರಿಂದ ವೋಲ್ಟಿ ಯಾವಾಗಲೂ ಹೊತ್ತಿರಲಿ.

ಎಚ್ಚರಿಕೆ: ಪರದೆಯ ಮೇಲೆ 5ಜಿ ಎಂದು ಕಂಡರೆ ವೇಗ ಹೆಚ್ಚೇ ಇರಬೇಕೆಂದಿಲ್ಲ. ಹಲವೆಡೆ 5ಜಿ ಕೊಂಡಿಯು 4ಜಿ ಜಾಲದ ಆಸರೆಯಲ್ಲಿ ನಡೆಯುತ್ತದೆ, ಮತ್ತು 5ಜಿ ಸಿಗ್ನಲ್ ದುರ್ಬಲವಾಗಿರುವ ಅಂಚಿನಲ್ಲಿ ಫೋನು ಎರಡರ ನಡುವೆ ಓಡಾಡುತ್ತ ಬ್ಯಾಟರಿಯನ್ನು ಖಾಲಿ ಮಾಡುತ್ತದೆ. ಅಂಥ ಜಾಗದಲ್ಲಿ ಸೆಟ್ಟಿಂಗ್ಸ್‌ನಲ್ಲಿ 4ಜಿಯನ್ನು ಮಾತ್ರ ಆಯ್ಕೆ ಮಾಡಿಕೊಂಡು ಒಂದು ದಿನ ಬಳಸಿ ನೋಡಿ.

ಹಂತ 5: ದಟ್ಟಣೆಯನ್ನು ಗಡಿಯಾರದಿಂದ ಅಳೆಯಿರಿ

ಒಂದು ಸೆಲ್‌ನ ಒಟ್ಟು ವೇಗವನ್ನು ಆ ಹೊತ್ತಿನಲ್ಲಿ ಅಲ್ಲಿರುವ ಎಲ್ಲರೂ ಹಂಚಿಕೊಳ್ಳುತ್ತಾರೆ. ಒಂದೇ ಜಾಗದಲ್ಲಿ ನಸುಕಿನಲ್ಲಿ, ನಡು ಮಧ್ಯಾಹ್ನದಲ್ಲಿ, ರಾತ್ರಿ ಒಂಬತ್ತರ ಸುಮಾರಿಗೆ ವೇಗ ಅಳೆಯಿರಿ. ಮೂರು ದಿನ ಹೀಗೆ ಮಾಡಿ. ಡಿಬಿಎಂ ಮತ್ತು ಎಸ್‌ಐಎನ್‌ಆರ್ ಹೆಚ್ಚು ಬದಲಾಗದೆ ರಾತ್ರಿ ಮಾತ್ರ ವೇಗ ಕುಸಿದರೆ, ತೊಂದರೆ ನಿಮ್ಮ ಫೋನಿನಲ್ಲಿಲ್ಲ. ಫೋನು ಬದಲಿಸಿ ಹಣ ಕಳೆಯಬೇಡಿ.

ಅಂಕಿಗಳನ್ನು ಓದುವಾಗ ಮೆಗಾಬಿಟ್ ಮತ್ತು ಮೆಗಾಬೈಟ್ ಬೇರೆ ಎಂಬುದು ನೆನಪಿರಲಿ. 8 ಬಿಟ್ ಸೇರಿದರೆ 1 ಬೈಟ್. ಸೆಕೆಂಡಿಗೆ 40 ಮೆಗಾಬಿಟ್ ವೇಗವೆಂದರೆ, ಫೈಲ್ ಇಳಿಯುವಾಗ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟ್. ‘ಪಿಂಗ್’ ಎಂಬ ಅಂಕಿಯು ಒಂದು ಸಂದೇಶ ಹೋಗಿ ಬರಲು ಹಿಡಿಯುವ ಸಮಯ. ವಿಡಿಯೊ ಕರೆಗೆ ಡೌನ್‌ಲೋಡ್ ವೇಗಕ್ಕಿಂತ ಇದು ಮತ್ತು ಅಪ್‌ಲೋಡ್ ವೇಗ ಮುಖ್ಯ. ನಿಮ್ಮ ಪ್ಲಾನ್‌ನ ಡೇಟಾ ಮಿತಿ ಮುಗಿದ ಮೇಲೆ ಕಂಪನಿಯೇ ವೇಗ ತಗ್ಗಿಸಿರುವ ಸಾಧ್ಯತೆಯನ್ನೂ ಮೊದಲೇ ಪರಿಶೀಲಿಸಿ.

ಹಂತ 6: ವೈ-ಫೈಯನ್ನು ಸರಿಪಡಿಸಿ

ಮೊದಲು ಕಂಪ್ಯೂಟರನ್ನು ಲ್ಯಾನ್ ಕೇಬಲ್‌ನಿಂದ ರೂಟರ್‌ಗೆ ಜೋಡಿಸಿ ವೇಗ ಅಳೆಯಿರಿ. ಈ ಇಡೀ ಲೇಖನದಲ್ಲಿ ಒಂದೇ ಪರೀಕ್ಷೆ ಮಾಡುವಿರಾದರೆ ಇದನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಕೇಬಲ್‌ನಲ್ಲಿಯೂ ನಿಧಾನವಿದ್ದರೆ ತೊಂದರೆ ಹೊರಗಿನ ಸಂಪರ್ಕದ್ದು ಅಥವಾ ರೂಟರ್‌ನದ್ದು. ವೈ-ಫೈಗೆ ಎಷ್ಟು ಚಿಕಿತ್ಸೆ ಮಾಡಿದರೂ ಫಲವಿಲ್ಲ. ಕೇಬಲ್‌ನಲ್ಲಿ ಸರಿಯಿದ್ದು ವೈ-ಫೈಯಲ್ಲಿ ಮಾತ್ರ ನಿಧಾನವಿದ್ದರೆ ಮುಂದೆ ಓದಿ.

ವೈ-ಫೈಯಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಸಾಮಾನ್ಯವಾಗಿ ಒಬ್ಬರೇ ಮಾತನಾಡಬಹುದು. ಪ್ರತಿ ಉಪಕರಣವೂ ಮೊದಲು ಕಿವಿಗೊಟ್ಟು ಕೇಳಿ, ಚಾನೆಲ್ ಖಾಲಿ ಇದ್ದರೆ ಮಾತ್ರ ಕಳಿಸುತ್ತದೆ. ನೆರೆಮನೆಯ ರೂಟರ್ ಅದೇ ಚಾನೆಲ್‌ನಲ್ಲಿದ್ದರೆ ನಿಮ್ಮ ಫೋನು ಅದಕ್ಕಾಗಿಯೂ ಕಾಯುತ್ತದೆ. ಮೂಲೆಯ ಕೋಣೆಯಲ್ಲಿ ದುರ್ಬಲ ಸಿಗ್ನಲ್ ಹಿಡಿದು ನಿಧಾನವಾಗಿ ಮಾತನಾಡುವ ಒಂದು ಹಳೆಯ ಉಪಕರಣ ಉಳಿದವರ ಸಮಯವನ್ನೂ ತಿನ್ನುತ್ತದೆ.

2.4 ಗಿಗಾಹರ್ಟ್ಸ್ ಬ್ಯಾಂಡ್ ಗೋಡೆಗಳನ್ನು ದಾಟುವುದರಲ್ಲಿ ಮೇಲು, ಆದರೆ ಅಲ್ಲಿ ಜನಸಂದಣಿ ಹೆಚ್ಚು. ಅದರ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್ ಮಾತ್ರ, ಬಳಕೆಗೆ ಬೇಕಾದ ಅಗಲ ಸುಮಾರು 20 ಮೆಗಾಹರ್ಟ್ಸ್; ಹೀಗಾಗಿ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದವು 1, 6 ಮತ್ತು 11 ಎಂಬ ಮೂರು ಚಾನೆಲ್‌ಗಳು. ವೈ-ಫೈ ಜಾಲಗಳನ್ನು ತೋರಿಸುವ ಆ್ಯಪ್‌ನಲ್ಲಿ ಈ ಮೂರರಲ್ಲಿ ಯಾವುದು ಖಾಲಿ ಎಂದು ನೋಡಿ, ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಯ್ಕೆ ಮಾಡಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. ಐಫೋನಿನಲ್ಲಿ ಇಂಥ ಆ್ಯಪ್‌ಗಳಿಗೆ ಮಿತಿ ಇರುವುದರಿಂದ ಕಂಪ್ಯೂಟರ್ ಬಳಸುವುದು ಒಳ್ಳೆಯದು. 3 ಅಥವಾ 8ರಂಥ ನಡುವಿನ ಚಾನೆಲ್ ಆರಿಸಿದರೆ ಎರಡೂ ಬದಿಯವರಿಗೆ ಅಡ್ಡಿಪಡಿಸಿ, ನೀವೂ ಅಡ್ಡಿಗೆ ಒಳಗಾಗುತ್ತೀರಿ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿಯೇ, ಆದ್ದರಿಂದ ರೂಟರ್ ಅದರ ಹತ್ತಿರ ಇರಬಾರದು.

5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳು ಹೆಚ್ಚು, ವೇಗವೂ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ರೂಟರ್ ಇರುವ ಕೋಣೆಯಲ್ಲಿ ಮತ್ತು ಅದರ ಪಕ್ಕದ ಕೋಣೆಯಲ್ಲಿ ಇದನ್ನೇ ಬಳಸಿ. ವೈ-ಫೈಯ ಡಿಬಿಎಂ ಅಂಕಿ −67 ಅಥವಾ ಅದಕ್ಕಿಂತ ಮೇಲಿದ್ದರೆ ವಿಡಿಯೊ ಕರೆಗೆ ಸಾಕು. −80 ತಲುಪಿದರೆ ಕೊಂಡಿ ಕಡಿಯುವ ಸ್ಥಿತಿಯಲ್ಲಿದೆ.

ಇಷ್ಟೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ರೂಟರ್‌ನ ಜಾಗ. ಮನೆಯ ನಡುಭಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ಬಯಲಾಗಿ ಇಡಿ. ಕಬ್ಬಿಣದ ಕಪಾಟಿನೊಳಗೆ, ಟಿವಿಯ ಹಿಂದೆ, ಕನ್ನಡಿ ಅಥವಾ ನೀರಿನ ತೊಟ್ಟಿಯ ಪಕ್ಕದಲ್ಲಿ ಇಡಬೇಡಿ. ಲೋಹ ಅಲೆಯನ್ನು ಹಿಂದಕ್ಕೆ ಎಸೆಯುತ್ತದೆ, ನೀರು ಹೀರಿಕೊಳ್ಳುತ್ತದೆ. ಕಂಬಿಗಳಿರುವ ಕಾಂಕ್ರೀಟ್ ಗೋಡೆಗಳು ಹೆಚ್ಚಿದ್ದರೆ ವೈ-ಫೈ ಹರಡುವ ಇನ್ನೊಂದು ಪ್ರಸಾರ ಬಿಂದು (ಆ್ಯಕ್ಸೆಸ್ ಪಾಯಿಂಟ್) ಬೇಕಾಗುತ್ತದೆ, ಅದನ್ನು ಸಾಧ್ಯವಾದರೆ ಕೇಬಲ್‌ನಿಂದಲೇ ಜೋಡಿಸಿ. ಅಗ್ಗದ ರಿಪೀಟರ್‌ಗಳು ಕೇಳಿದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ರಿಪೀಟರನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲಿ ಇಡುವುದು ಸಾಮಾನ್ಯವಾದ ತಪ್ಪು. ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಅದನ್ನು ಇಡಬೇಕು.

ರೂಟರ್‌ನ ಸೆಟ್ಟಿಂಗ್ಸ್ ತೆರೆದಿರುವಾಗಲೇ ಭದ್ರತೆಯನ್ನೂ ನೋಡಿಬಿಡಿ. ವೈ-ಫೈಯಲ್ಲಿ ಸಾಗುವ ಮಾಹಿತಿಗೆ ಬೀಗ ಹಾಕುವ ವಿಧಾನಗಳಲ್ಲಿ ಡಬ್ಲ್ಯೂಪಿಎ3 ಇದ್ದರೆ ಅದು, ಇಲ್ಲದಿದ್ದರೆ ಡಬ್ಲ್ಯೂಪಿಎ2 ಇರಲಿ. ಡಬ್ಲ್ಯೂಇಪಿ ಎಂಬ ಹಳೆಯ ವಿಧಾನವನ್ನು ಕೆಲವೇ ನಿಮಿಷಗಳಲ್ಲಿ ಭೇದಿಸಬಹುದು. ರೂಟರ್‌ನ ಆಡಳಿತ ಪುಟಕ್ಕೆ ತಯಾರಕರು ಇಟ್ಟ ಪಾಸ್‌ವರ್ಡನ್ನು ಬದಲಿಸದೆ ಬಿಡಬೇಡಿ.

ಹಂತ 7: ಫೋನಿನ ಸರದಿ

ಇಲ್ಲಿ ಕ್ರಮ ಮುಖ್ಯ: ಹಾನಿ ಇಲ್ಲದ ಉಪಾಯದಿಂದ ಆರಂಭಿಸಿ. ಏರೋಪ್ಲೇನ್ ಮೋಡನ್ನು ಹತ್ತು ಸೆಕೆಂಡು ಹೊತ್ತಿಸಿ ಆರಿಸಿದರೆ ಫೋನು ಜಾಲದಲ್ಲಿ ಹೊಸದಾಗಿ ನೋಂದಾಯಿಸಿಕೊಳ್ಳುತ್ತದೆ. ಅದು ಸಾಲದಿದ್ದರೆ ಫೋನನ್ನು ಆರಿಸಿ ಹೊತ್ತಿಸಿ. ಜಾಲದ ಆಯ್ಕೆ ‘ಆಟೊಮ್ಯಾಟಿಕ್’ ಎಂದಿದೆಯೇ ನೋಡಿ. ಕರೆ ಹೋಗುತ್ತಿದ್ದು ಡೇಟಾ ಮಾತ್ರ ಬರದಿದ್ದರೆ ಎಪಿಎನ್ ಪರಿಶೀಲಿಸಿ. ಎಪಿಎನ್ ಎಂದರೆ ಕಂಪನಿಯ ಜಾಲದಿಂದ ಇಂಟರ್‌ನೆಟ್‌ಗೆ ಹೋಗುವ ಬಾಗಿಲಿನ ಹೆಸರು, ಅದರಲ್ಲಿ ಒಂದು ಅಕ್ಷರ ತಪ್ಪಿದರೂ ಬಾಗಿಲು ತೆರೆಯುವುದಿಲ್ಲ.

ಬಳಿಕ ನಿಮ್ಮ ಸಿಮ್ಮನ್ನು ಬೇರೊಂದು ಫೋನಿಗೆ ಹಾಕಿ, ಅದೇ ಜಾಗದಲ್ಲಿ ಅಳೆಯಿರಿ. ಅಲ್ಲಿ ಸರಿಯಿದ್ದರೆ ದೋಷ ನಿಮ್ಮ ಫೋನಿನದ್ದು. ಅಲ್ಲಿಯೂ ಹಾಗೆಯೇ ಇದ್ದರೆ ಸಿಮ್ ಅಥವಾ ಜಾಲದ್ದು. ಲೋಹ ಅಥವಾ ಆಯಸ್ಕಾಂತ ಇರುವ ಫೋನ್ ಕವರ್ ತೆಗೆದು ಮತ್ತೊಮ್ಮೆ ಅಳೆಯುವುದನ್ನೂ ಮರೆಯಬೇಡಿ.

ಎಚ್ಚರಿಕೆ: ‘ನೆಟ್‌ವರ್ಕ್ ರೀಸೆಟ್’ ಕೊನೆಯ ಉಪಾಯವಾಗಿರಲಿ. ಅದು ಉಳಿಸಿದ್ದ ವೈ-ಫೈ ಪಾಸ್‌ವರ್ಡ್‌ಗಳನ್ನೂ ಬ್ಲೂಟೂತ್ ಜೋಡಣೆಗಳನ್ನೂ ಅಳಿಸುತ್ತದೆ. ಕೆಲವು ಫೋನುಗಳು ಅದೇ ಪರದೆಯಲ್ಲಿ ಇ-ಸಿಮ್ ಅಳಿಸುವ ಆಯ್ಕೆಯನ್ನೂ ತೋರಿಸುತ್ತವೆ, ಅದನ್ನು ತಿಳಿಯದೆ ಒತ್ತಬೇಡಿ.

ಹಂತ 8: ಬೂಸ್ಟರ್ ಕೊಳ್ಳುವ ಮೊದಲು ದೂರು ಬರೆಯಿರಿ

ಸಿಗ್ನಲ್ ಹೆಚ್ಚಿಸುತ್ತದೆಂದು ಮಾರುವ, ಫೋನಿನ ಹಿಂದೆ ಅಂಟಿಸುವ ಸ್ಟಿಕರ್‌ಗಳಿಂದ ಏನೂ ಪ್ರಯೋಜನವಿಲ್ಲ. ವಿದ್ಯುತ್‌ನಿಂದ ನಡೆಯುವ ಬೂಸ್ಟರ್‌ಗಳು ಕೆಲಸ ಮಾಡುತ್ತವೆ, ಆದರೆ ಸಿಗ್ನಲ್ ಜೊತೆಗೆ ಗದ್ದಲವನ್ನೂ ಹಿಗ್ಗಿಸುತ್ತವೆ; ಸರಿಯಾಗಿ ಅಳವಡಿಸದಿದ್ದರೆ ಟವರ್‌ನ ಕಿವಿಯನ್ನೇ ಮುಚ್ಚಿ ಸುತ್ತಲಿನವರೆಲ್ಲರ ಕರೆಗಳನ್ನು ಕೆಡಿಸುತ್ತವೆ. ಅನುಮತಿಯಿಲ್ಲದೆ ಇವನ್ನು ಬಳಸುವುದು ಅನೇಕ ದೇಶಗಳಲ್ಲಿ ಅಪರಾಧವಾಗಿರುವುದು ಈ ಕಾರಣದಿಂದಲೇ. ಒಳ್ಳೆಯ ವೈ-ಫೈ ಇರುವ ಮನೆಯಲ್ಲಿ, ಫೋನು ಮತ್ತು ಕಂಪನಿ ಎರಡೂ ಬೆಂಬಲಿಸಿದರೆ, ಕರೆಯನ್ನು ವೈ-ಫೈ ಮೂಲಕವೇ ಸಾಗಿಸುವ ವೈ-ಫೈ ಕಾಲಿಂಗ್ ಹೊತ್ತಿಸುವುದು ಸರಳವಾದ ಪರಿಹಾರ.

ತೊಂದರೆ ಜಾಲದ್ದೇ ಎಂದು ಖಚಿತವಾದಾಗ, ‘ಸಿಗ್ನಲ್ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಫೋನು ಆರಿಸಿ ಹೊತ್ತಿಸಿ ಎಂಬ ಉತ್ತರವೇ ಸಿಗುತ್ತದೆ. ನಿಮ್ಮ ಹಾಳೆಯಲ್ಲಿರುವುದನ್ನು ಬರೆದು ಕಳಿಸಿ: ನಿಖರವಾದ ಜಾಗ, ದಿನಾಂಕ ಮತ್ತು ಹೊತ್ತು, 4ಜಿಯೋ 5ಜಿಯೋ, ಡಿಬಿಎಂ, ಎಸ್‌ಐಎನ್‌ಆರ್, ಆ್ಯಪ್ ತೋರಿಸಿದರೆ ಸೆಲ್ ಐಡಿ ಎಂಬ ಸೆಲ್‌ನ ಗುರುತಿನ ಸಂಖ್ಯೆ, ಡೌನ್‌ಲೋಡ್, ಅಪ್‌ಲೋಡ್, ಪಿಂಗ್, ಮತ್ತು ಬೇರೆ ಫೋನಿನಲ್ಲಿ ಅದೇ ಸಿಮ್ ಹಾಕಿ ನೋಡಿದ ಫಲ. ಬಲ ಕಡಿಮೆ ಇದ್ದರೆ ಅದು ವ್ಯಾಪ್ತಿಯ ತೊಂದರೆ. ಬಲವಿದ್ದು ಎಸ್‌ಐಎನ್‌ಆರ್ ಕಡಿಮೆ ಇದ್ದರೆ ಅಡ್ಡಿಯ ತೊಂದರೆ, ಟವರ್‌ನ ಆ್ಯಂಟೆನಾಗಳ ವಾಲಿಕೆ ಬದಲಿಸಿ ಅದನ್ನು ತಗ್ಗಿಸಲು ಕಂಪನಿಗೆ ಸಾಧ್ಯವಿದೆ. ಎರಡೂ ಚೆನ್ನಾಗಿದ್ದು ರಾತ್ರಿ ಮಾತ್ರ ನಿಧಾನವಿದ್ದರೆ ದಟ್ಟಣೆಯದು. ದೂರಿನ ಮೊದಲ ಸಾಲಿನಲ್ಲಿಯೇ ಈ ಮೂರರಲ್ಲಿ ಯಾವುದು ಎಂದು ಬರೆಯಿರಿ, ಅಳತೆಗಳ ಪರದೆಯ ಚಿತ್ರಗಳನ್ನು ಜೊತೆಗಿಡಿ, ಮತ್ತು ದೂರಿನ ಸಂಖ್ಯೆಯನ್ನು ಅದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.